ಇದ್ದ ಸ್ಥಿತಿಯಲ್ಲಿ ಒಂದು ಸೈಕಲ್

ಶಹಾಪುರದ ನೇಕಾರ ಬಾಳಪ್ಪ ಕಾಕಾ ಸೈಕಲ್ ಹತ್ತಿದ್ದನ್ನು ನಾನು ನಾಲ್ಕು ವರ್ಷ ನೋಡಲಿಲ್ಲ. ಅದರ ಜೊತೆ ನಡೆದದ್ದನ್ನಷ್ಟೇ ನೋಡಿದೆ. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಸೀಟಿನ ಮೇಲೆ. ಹಟಮಾರಿ ಎಮ್ಮೆಯನ್ನು ದವಾಖಾನೆಗೆ ಒಯ್ಯುವವರ ಹಾಗೆ. ಹಿಂದಿನ ಗಾಲಿಯಲ್ಲಿ ಗಾಳಿಯೇ ಇರುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆ. ಕಾಲೇಜಿಗೆಂದು ಅವರ ಮನೆಯ ಮಾಡಿಯ ಮೇಲೆ ಬಾಡಿಗೆಗಿದ್ದೆ. ನಾನು ಬರುವ ಕೆಲವು ತಿಂಗಳ ಮುಂಚೆ ಖಾನಾಪುರದ ಸಂತೆಯಲ್ಲಿ ಪೀರನವಾಡಿಯ ಪರಶ್ಯಾ ಎಂಬವನು ಆ ಸೈಕಲ್ ಕದ್ದಿದ್ದ. ಅರ್ಧ ದಾರಿಯಲ್ಲಿ ಪಂಕ್ಚರ್ ಆಗಿ, ನೂಕಿಕೊಂಡು ಹೋಗುತ್ತಿದ್ದವನನ್ನು ಕಾಕಾನೇ ಓಡಿ ಹಿಡಿದಿದ್ದರು. ಪೊಲೀಸರು ಪಂಚನಾಮೆ ಬರೆದು ಸೈಕಲ್ ಜಪ್ತಿ ಮಾಡಿದರು. ಎರಡು ತಿಂಗಳ ಮೇಲೆ ಪರಶ್ಯಾನಿಗೆ ಜಾಮೀನು ಸಿಕ್ಕಿತು. ಸೈಕಲ್ಲೂ ಹೊರಬಂತು, ಕೋರ್ಟು ಕರೆದಾಗಲೆಲ್ಲ ಇದ್ದ ಸ್ಥಿತಿಯಲ್ಲೇ ಹಾಜರುಪಡಿಸುತ್ತೇನೆಂದು ಕಾಕಾ ಮುಚ್ಚಳಿಕೆ ಬರೆದುಕೊಟ್ಟಿದ್ದರು.

ಮಾರಬಾರದು, ಮುರಿಯಬಾರದು ಎಂದಷ್ಟೇ ಅದರ ಅರ್ಥವಿರಬೇಕು. ಕಾಕಾ ಅಕ್ಷರಶಃ ಹಿಡಿದರು.

“ಪಂಚನಾಮಿಯೊಳಗ ‘ಹಿಂದಿನ ಗಾಲಿ ಪಂಚರ್’ ಅಂತ ಬರದಾರ. ತಗಸಿದ್ರ ನನ್ನ ಸಹಿ ಸುಳ್ಳಾಗತೈತಿ.”

“ಕೀಲಿಯರ ಹಾಕ್ರಿ ಕಾಕಾ, ಮತ್ತ ಯಾರರ ಒಯ್ದಾರು,” ಎಂದೆ.

“ಕೀಲಿನೂ ಬರದಿಲ್ಲಪಾ ಅದರಾಗ.”

ತಾರೀಖಿನ ದಿನ ನಸುಕಿನಲ್ಲೇ ಹೊರಡುತ್ತಿದ್ದರು. ಬಸ್ಸಿನ ಟಾಪಿಗೆ ಹಾಕಿದರೆ ಬಣ್ಣ ತರಚೀತೆಂದು ಖಾನಾಪುರದವರೆಗೂ ನಡಿಗೆ. ಪೀರನವಾಡಿಯಲ್ಲಿ ಪರಶ್ಯಾ ಸೇರುತ್ತಿದ್ದ. ಅವನಿಗೂ ಅದೇ ತಾರೀಖು. ಮೊದಮೊದಲು ಇಬ್ಬರೂ ರಸ್ತೆಯ ಆಚೆ ಈಚೆ ನಡೆದರಂತೆ. ಆಮೇಲೆ ಏರಿನಲ್ಲಿ ಅವನು ಹಿಂದಿನಿಂದ ನೂಕತೊಡಗಿದ. ನಾನೊಮ್ಮೆ ಜೊತೆಗೆ ಹೋಗುವ ಹೊತ್ತಿಗೆ ಅವರದು ಒಂದೇ ಬುತ್ತಿ. ಪರಶ್ಯಾ ಅಷ್ಟರಲ್ಲಿ ಸೈಕಲ್ ರಿಪೇರಿ ಅಂಗಡಿಯನ್ನೂ ಇಟ್ಟಿದ್ದ.

ಆ ದಿನದ ನನ್ನ ಡೈರಿಯಲ್ಲಿ “ಬಿಸಿಲು. ತಾರೀಖು ಮುಂದಕ್ಕೆ” ಎಂದಷ್ಟೇ ಇದೆ. ಉಳಿದದ್ದು ನೆನಪು, ಅದರಲ್ಲಿ ನಾನೇ ಸೇರಿಸಿದ್ದೆಷ್ಟೋ. ಪರಶ್ಯಾನ ಅಂಗಡಿಯ ಮುಂದೆ ಕಾಕಾ ಚಹಾ ಕುಡಿಯುವಷ್ಟರಲ್ಲಿ ಅವನು ಸದ್ದಿಲ್ಲದೆ ಪಂಕ್ಚರ್‌ಗೆ ತೇಪೆ ಹಚ್ಚಿಬಿಟ್ಟಿದ್ದ. ಕಾಕಾ ಗಾಲಿ ಮುಟ್ಟಿ ನೋಡಿದರು.

“ಲೇ, ಏನ ಮಾಡಿದಿ! ಮೊದ್ಲ ಇದ್ದಂಗ ಮಾಡು.”

“ನಿಮ್ಮ ಮೊಣಕಾಲ ನೋವ ನೋಡಾಕಾಗವಲ್ದು ಕಾಕಾರ.”

“ಮೊಣಕಾಲ ಪಂಚನಾಮಿಯೊಳಗಿಲ್ಲ. ತೇಪಿ ಕೀಳು.”

“ಅಲ್ರೀ, ನನ್ನ ಮ್ಯಾಲಿನ ಸಾಕ್ಷಿ ನನ್ನ ಕೈಲೇ ತಯಾರ ಮಾಡಸ್ತೀರ್ಯಾ?”

“ಕೆಡಿಸಿದಾಂವ ನೀನಲಾ? ನೀನ ಮಾಡು.”

ಪರಶ್ಯಾ ಗೊಣಗುತ್ತ ತೇಪೆ ಕಿತ್ತ. ಗಾಳಿ ಸುಯ್ಯೆಂದು ಹೋಯಿತು. ಕಾಕಾ ಮತ್ತೊಂದು ಚಹಾ ಹೇಳಿದರು, ಇಬ್ಬರಿಗೂ.

ಕಡೆಗೊಮ್ಮೆ ಸಾಕ್ಷಿ ಹೇಳುವ ದಿನ ಬಂತು. ಹಿಂದಿನ ದಿನ ಕಾಕಾ ಊಟ ಮಾಡಲಿಲ್ಲ. ಸುಳ್ಳು ಹೇಳುವವರಲ್ಲ, ಖರೇ ಹೇಳಿದರೆ ಪರಶ್ಯಾ ಮತ್ತೆ ಜೈಲಿಗೆ. ನನಗೆ ಪರೀಕ್ಷೆಯಿತ್ತು, ಹೋಗಲಾಗಲಿಲ್ಲ. ಕೋರ್ಟಿನಲ್ಲಿ ನಡೆದದ್ದನ್ನು ಆಮೇಲೆ ಪರಶ್ಯಾನೇ ಹೇಳಿದ.

“ಕದ್ದಾಂವ ಇವನ ಏನು?” ಎಂದು ಸರ್ಕಾರಿ ವಕೀಲರು ಕೇಳಿದರಂತೆ.

“ಹೌದ್ರಿ, ಇವನ. ಇಷ್ಟ ವರ್ಷ ಸೈಕಲ್ ನೂಕಿದಾಂವನೂ ಇವನ ರೀ. ಅದನ್ನೂ ಬರ್ಕೊಳ್ರಿ ಸಾಹೇಬ್ರ.”

ಸಾಹೇಬರು ಬರೆದುಕೊಂಡರೋ ಇಲ್ಲವೋ, ಪರಶ್ಯಾ ಹೇಳಲಿಲ್ಲ. ಒಳಗಿದ್ದ ಎರಡು ತಿಂಗಳೇ ಶಿಕ್ಷೆ ಎಂದು ತೀರ್ಪಾಯಿತು. ಸೈಕಲ್ ಕಾಕಾನದಾಯಿತು.

ತೀರ್ಪಿನ ದಿನ ಸಂಜೆ ಮಾಡಿಯಿಂದ ನಾನು ಕಣ್ಣಾರೆ ಕಂಡದ್ದರಲ್ಲಿ ಸಂಶಯವಿಲ್ಲ. ಪಂಕ್ಚರ್ ತೆಗೆದ ಸೈಕಲ್ ಓಣಿಯೊಳಗೆ ಬಂತು. ತುಳಿಯುತ್ತಿದ್ದವನು ಪರಶ್ಯಾ. ಕಾಕಾನ ಮೊಣಕಾಲು ಮಡಚುತ್ತಿರಲಿಲ್ಲ. ಕ್ಯಾರಿಯರ್ ಮೇಲೆ ಒಂದು ಬಾಜು ಕೂತು, ಧೋತರ ಗಾಲಿಗೆ ಸಿಗದಂತೆ ಎತ್ತಿ ಹಿಡಿದು, ಮದುಮಗನ ಹಾಗೆ ಓಣಿಯನ್ನೆಲ್ಲ ನೋಡುತ್ತಿದ್ದರು.

ಕಾಲೇಜು ಮುಗಿಸಿ ಧಾರವಾಡಕ್ಕೆ ಹೋದವನು ಮರುವರ್ಷ ಬಂದಾಗ ಕಾಕಾ ತೀರಿಕೊಂಡಿದ್ದರು. ಪಡಸಾಲೆಯಲ್ಲಿ ಸೈಕಲ್ ನಿಂತಿತ್ತು. ಗಾಲಿ ಒತ್ತಿ ನೋಡಿದೆ, ಎರಡೂ ಬಿಗಿಯಾಗಿದ್ದವು.

“ಯಾರ ಹತ್ತತಾರ ಕಾಕು?” ಎಂದು ಕಾಕಾನ ಹೆಂಡತಿಯನ್ನು ಕೇಳಿದೆ.

“ಯಾರೂ ಇಲ್ಲಪಾ. ವಾರಕ್ಕೊಮ್ಮೆ ಪರಶ್ಯಾ ಬರತಾನ. ಗಾಳಿ ಹಾಕಿ, ಚಾ ಕುಡದು ಹೋಗತಾನ.”

ಕೀಲಿ ಆಗಲೂ ಇರಲಿಲ್ಲ.