ಹತ್ತು ನಿಮಿಷದ ಸ್ಟಾರ್ಟಿಂಗ್

ನಾನು ಓದು ನಿಲ್ಲಿಸಿದ್ದು 1993ರಲ್ಲಿ, ಏಳನೆಯ ಕ್ಲಾಸು ಪಾಸಾದ ಮೇಲೆ. ಪದ್ಮಲತಾ ಟೀಚರ್ ನಾನು ಕೆಲಸಕ್ಕೆ ಸೇರಿದ್ದ ಗ್ಯಾರೇಜಿನವರೆಗೂ ನಡೆದು ಬಂದು ಹೈಸ್ಕೂಲಿಗೆ ಸೇರು ಎಂದು ಕರೆದರೂ ನಾನು ಲಾರಿಯ ಅಡಿಯಿಂದ ಹೊರಗೆ ಬರಲಿಲ್ಲ. ಆಮೇಲೆ ಕಲಿತದ್ದೆಲ್ಲ ಕಿವಿಯಿಂದ. ರಸ್ತೆಯ ಆಚೆ ಬದಿಯಲ್ಲಿ ಕಾರೊಂದು ಸ್ಟಾರ್ಟ್ ಆದರೆ, ಅದರ ಯಾವ ಅಂಗ ಮುನಿಸಿಕೊಂಡಿದೆ ಎಂದು ಬಾನೆಟ್ ಎತ್ತದೆ ಹೇಳಬಲ್ಲೆ. ಇದನ್ನು ಜಂಬವೆಂದು ಭಾವಿಸಬೇಡಿ. ಭಾವಿಸಿದರೂ ಅಡ್ಡಿಯಿಲ್ಲ, ಜಂಬವೇ.

ಗುರುವಾಯನಕೆರೆಯಲ್ಲಿ ನನ್ನದೇ ಗ್ಯಾರೇಜು ಆದ ಮೇಲೆ, ನಮ್ಮ ಕಡೆಯವರಿಗೆ ಮಾತ್ರ ಅರ್ಥವಾಗುವ ಒಂದು ಕೆಲಸ ನನ್ನ ಪಾಲಿಗೆ ಬಂತು: ಗಲ್ಫಿನಲ್ಲಿರುವವರ ಕಾರುಗಳನ್ನು ಊರಿನಲ್ಲಿ ಸ್ಟಾರ್ಟ್ ಮಾಡುವುದು. ಯಜಮಾನ ಬರುವುದು ಎರಡು ವರ್ಷಕ್ಕೊಮ್ಮೆ, ಕಾರು ಮಾತ್ರ ಹೊದಿಕೆ ಹೊದ್ದು ತಪಸ್ಸಿಗೆ ಕುಳಿತಿರುತ್ತದೆ. ಭಾನುವಾರ ಮಾಣಿ, ಪೊಳಲಿಯ ಕಡೆ, ಗುರುವಾರ ಮೂಡುಬಿದಿರೆಯ ಕಡೆ ನನ್ನ ಸವಾರಿ. ಹೊದಿಕೆ ಸರಿಸಿ, ಕೀ ತಿರುಗಿಸಿ, ಹತ್ತು ನಿಮಿಷ ನಿಂತಲ್ಲೇ ಗುರುಗುಟ್ಟಿಸಿ, ವೀಡಿಯೊ ಕಾಲ್ ಮಾಡಿ ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದರೆ, ಶಾರ್ಜಾದಲ್ಲಿ ಕುಳಿತವರ ಮುಖ ತೊಟ್ಟಿಲ ಮಗುವಿನ ದನಿ ಕೇಳಿದಂತೆ ಅರಳುತ್ತದೆ. ಈ ಹತ್ತು ನಿಮಿಷದ ಪದ್ಧತಿಯ ಕರ್ತೃ ನಾನೇ. ಹಾಲು ಕಾಯಿಸಿದ ಹಾಗೆ ಇಂಜಿನನ್ನೂ ಕಾಯಿಸಬೇಕು ಎಂದು ಎಲ್ಲರಿಗೂ ಬೋಧಿಸಿದವನು.

ಮೂಡುಬಿದಿರೆಯ ಒಂದು ಕಾರಿನ ಯಜಮಾನರು ಪದ್ಮಲತಾ ಟೀಚರ ತಮ್ಮ ಎಂದು ತಿಳಿದ ದಿನ ನಾನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋದೆ. ನಿವೃತ್ತಿಯಾಗಿ ಆ ಮನೆಯಲ್ಲಿರುವ ಟೀಚರ್ ಗುರುತು ಹಿಡಿದರು, ಕುಳಿತುಕೊಳ್ಳಲು ಹೇಳಿದರು. ಮನೆಗೆ ತಾಗಿಯೇ ಮೂರು ಕಡೆ ಶೀಟು ಹೊದಿಸಿದ ಶೆಡ್ಡಿನಲ್ಲಿ ಕಾರು. ನಾನು ಸ್ಟಾರ್ಟ್ ಮಾಡುತ್ತಿದ್ದಂತೆ ಶೆಡ್ಡಿನ ಕಡೆಗೆ ತೆರೆಯುವ ಮನೆಯ ಕಿಟಕಿ ಮುಚ್ಚಿಕೊಂಡಿತು. ಮುಂದಿನ ಗುರುವಾರವೂ ಹಾಗೆಯೇ. ಓದು ಬಿಟ್ಟವನ ಮುಖ ನೋಡಲು ಅವರಿಗೆ ಇನ್ನೂ ಮನಸ್ಸಿಲ್ಲ ಎಂದು ನಾನು ತೀರ್ಮಾನಿಸಿದೆ. ತೀರ್ಮಾನಿಸಿ ಏನು ಮಾಡಿದೆ ಎನ್ನುತ್ತೀರಿ? ಹತ್ತು ನಿಮಿಷವನ್ನು ಹದಿನೈದು ಮಾಡಿದೆ. ನನ್ನ ವಿದ್ಯೆಯ ಗುಣಮಟ್ಟ ಮುಚ್ಚಿದ ಕಿಟಕಿಯ ಆಚೆಗೂ ತಿಳಿಯಲಿ ಎಂದು ಆಕ್ಸಿಲರೇಟರನ್ನು ಆಗಾಗ ಒತ್ತಿ ಘರ್ಜನೆಯನ್ನೂ ಕೇಳಿಸಿದೆ. ನಾಲ್ಕು ತಿಂಗಳು ಹೀಗೆ ನಡೆಯಿತು.

ಒಂದು ಗುರುವಾರ ಬಸ್‌ಸ್ಟ್ಯಾಂಡು ಮುಟ್ಟಿದ ಮೇಲೆ ಫೋನು ಶೆಡ್ಡಿನಲ್ಲೇ ಉಳಿದದ್ದು ನೆನಪಾಗಿ ಹಿಂತಿರುಗಿದೆ. ಜಗಲಿಯ ಮೆಟ್ಟಿಲಲ್ಲಿ ಟೀಚರ್ ಗೋಡೆಗೆ ಒರಗಿ ಕುಳಿತಿದ್ದರು. ಕೈಯಲ್ಲಿ ದಮ್ಮಿಗೆ ಎಳೆದುಕೊಳ್ಳುವ ಪಂಪು, ಎದೆಯಲ್ಲಿ ಸಿಳ್ಳೆಯಂಥ ಸದ್ದು. ಹತ್ತು ಮಾರು ದೂರದ ಇಂಜಿನಿನ ಕಾಯಿಲೆ ಹೇಳುವ ನನ್ನ ಕಿವಿಗೆ, ಗೋಡೆಯ ಆಚೆಯ ಈ ಸದ್ದು ಅಷ್ಟು ದಿನ ಕೇಳಿರಲಿಲ್ಲ.

ಉಸಿರು ಕೂಡಿಬಂದ ಮೇಲೆ ಅವರೇ ಹೇಳಿದರು: "ಎಂತ ಇಲ್ಲ ಉಮೇಶ. ಗುರುವಾರ ಸ್ವಲ್ಪ ಹೀಗೆ ಆಗ್ತದೆ."

ನಾವಿಬ್ಬರೂ ತುಳು ಮಾತಾಡುವವರು. ಆದರೂ ಟೀಚರ ಎದುರು ನನ್ನ ಬಾಯಿಗೆ ಬರುವುದು ಶಾಲೆಯ ಕನ್ನಡವೇ. "ಒಂದು ಮಾತು ಹೇಳಬಹುದಿತ್ತಲ್ಲ ಟೀಚರ್," ಎಂದೆ.

"ನಿನ್ನ ವಿದ್ಯೆಗೆ ನಾನು ಬಾಯಿ ಹಾಕುವುದು ಹೇಗೆ? ಅಷ್ಟು ಹೊತ್ತು ಇಡ್ಬೇಕು ಅಂತ ನಿನಗೆ ಗೊತ್ತುಂಟು, ಅದಕ್ಕೆ ಇಡ್ತೀಯ ಅಂತ ಎಣಿಸಿದೆ."

ಬೈದಿದ್ದರೆ ಹಗುರವಾಗುತ್ತಿತ್ತು. ನನಗೆ ಗೊತ್ತಿದ್ದದ್ದು ಬೇರೆಯೇ ಆಗಿತ್ತು. ತಣ್ಣಗಿನ ಇಂಜಿನ್ ಪೆಟ್ರೋಲನ್ನು ಗಟಗಟನೆ ಕುಡಿಯುತ್ತದೆ, ಪೂರ್ತಿ ಉರಿಸುವುದಿಲ್ಲ. ಹೊಗೆಯ ವಿಷ ಕಳೆಯಲೆಂದು ಕೊಳವೆಯೊಳಗೆ ಇಟ್ಟಿರುವ ಜೇನುಗೂಡಿನಂಥ ಭಾಗ ಕಾದು ಕೆಂಡವಾಗುವವರೆಗೆ ಕೆಲಸಕ್ಕೇ ಇಳಿಯುವುದಿಲ್ಲ. ನಿಂತ ಕಾರಿನಲ್ಲಿ ಅದು ಕಾಯುವುದೇ ನಿಧಾನ. ಹತ್ತು ನಿಮಿಷದಲ್ಲಿ ಬ್ಯಾಟರಿಗೂ ಹೇಳುವಂಥ ಲಾಭವಿಲ್ಲ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಓಡಿಸುವುದೇ ಸರಿ. ಆ ಭಾಗವನ್ನು ಬದಲಿಸುವಾಗಲೆಲ್ಲ ಗಿರಾಕಿಗಳಿಗೆ ಇದನ್ನೆಲ್ಲ ವಿವರಿಸಿದವನು ನಾನೇ. ಆದರೆ ಓಡಿಸಿದರೆ ಅದು ಡ್ರೈವರನ ಕೆಲಸ; ನಿಲ್ಲಿಸಿ, ಕಣ್ಣು ಮುಚ್ಚಿ, ಕಿವಿಗೊಟ್ಟರೆ ಅದು ತಜ್ಞರ ಕೆಲಸ. ನನ್ನ ಹತ್ತು ನಿಮಿಷ ಕಾಯುತ್ತಿದ್ದದ್ದು ಇಂಜಿನ್ನಿಗಾಗಿ ಅಲ್ಲ, ನನ್ನ ಗತ್ತಿಗಾಗಿ. ಇದನ್ನು ಟೀಚರಿಗೆ ಹೇಳಿದೆ. ಹೇಳಲು ಹತ್ತು ನಿಮಿಷವೇನೂ ಬೇಕಾಗಲಿಲ್ಲ.

ಅವರು, "ಪಾಠ ಗೊತ್ತಿದ್ದೂ ತಪ್ಪು ಬರೆಯುವ ನಿನ್ನ ಅಭ್ಯಾಸ ಹೋಗಲಿಲ್ಲ ಮಾರಾಯ," ಎಂದರು.

ಈಗ ಗುರುವಾರ ಕಾರನ್ನು ನ್ಯೂಟ್ರಲಿನಲ್ಲಿ ಹಾಕಿ, ಹಿಂದಕ್ಕೆ ತಳ್ಳಿಕೊಂಡು ಶೆಡ್ಡಿನಿಂದ ಗೇಟಿನ ಹೊರಗಿನ ಬಯಲಿಗೆ ತರುತ್ತೇನೆ. ಐವತ್ತರ ಹತ್ತಿರದ ಸೊಂಟಕ್ಕೆ ಇದು ಹಿತವಲ್ಲ. ಮೊದಲ ಹೊಗೆ ಈಗಲೂ ಹೊಗೆಯೇ. ಆದರೆ ಅದು ಯಾರ ಕಿಟಕಿಗೂ ಅಲ್ಲ, ಹೆಚ್ಚು ಹೊತ್ತೂ ಅಲ್ಲ. ಒಂದು ಸುತ್ತು ಓಡಿಸಿ ಕಾರು ಬಿಸಿಯಾದ ಮೇಲೆ ಬಂದು ಟೀಚರನ್ನು ಹತ್ತಿಸಿಕೊಂಡು, ವೇಣೂರಿನ ಅವರ ತಂಗಿಯ ಮನೆಗೆ ಹೋಗಿ ಬರುತ್ತೇನೆ. ನಿಲ್ಲಿಸಿಟ್ಟ ಕಾರಿನ ಮೀಟರು ಓಡುವುದು ಹೇಗೆ ಎಂದು ಶಾರ್ಜಾದಿಂದ ಅವರ ತಮ್ಮನ ಪ್ರಶ್ನೆ ಬಂದಾಗ ಟೀಚರೇ ಫೋನು ತೆಗೆದುಕೊಂಡರು. "ಅವನಿಗೆ ಕೆಲಸ ಗೊತ್ತುಂಟು, ನೀನು ಸುಮ್ಮನಿರು," ಎಂದರು. ಆ ಮಾತನ್ನು ಕೇಳಲು ನಾನು 1993ರಿಂದ ಕಾದಿದ್ದೆ ಎಂಬುದು ಆಗ ಗೊತ್ತಾಯಿತು.

ಉಳಿದ ಮನೆಗಳ ಕಾರುಗಳನ್ನೂ ಈಗ ಒಂದು ಸುತ್ತು ಓಡಿಸಿಯೇ ತಂದು ನಿಲ್ಲಿಸುತ್ತೇನೆ.

ಸದ್ಯ ನನ್ನಲ್ಲಿರುವುದು: ಒಂದು ಗ್ಯಾರೇಜು, ಎರಡು ಜಾಕು, ಬೇರೆಯವರ ಹನ್ನೊಂದು ಕಾರುಗಳ ಕೀ, ಏಳನೆಯ ಕ್ಲಾಸಿನ ಒಂದು ಸರ್ಟಿಫಿಕೇಟು, ಸೊಂಟನೋವಿನ ಒಂದು ಎಣ್ಣೆಯ ಬಾಟ್ಲಿ, ಗುರುವಾರ ಹಿಂದಿನ ಸೀಟಿನಲ್ಲಿ ಗಾಜು ಇಳಿಸಿ ಕುಳಿತುಕೊಳ್ಳುವ ಒಬ್ಬರು ಟೀಚರ್.