ನಾನು ಹತ್ತಿರ ಹೋದರೆ ನಿಲ್ಲುತ್ತಿದ್ದ ಹಾಡು

ದೃಷ್ಟಿ ತಾಗುತ್ತದೆ ಎಂದರೆ ನಾನು ನಗುತ್ತಿದ್ದೆ. ವಿಜಾಪುರದ ಕಾನ್ವೆಂಟಿನಲ್ಲಿ ಕಲಿತವಳು. ಇಂಥದ್ದನ್ನು ನಂಬಿದರೆ ಸಿಸ್ಟರುಗಳು ಕಿವಿ ಹಿಂಡುತ್ತಿದ್ದರು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ.

ಸಿಂದಗಿಯ ನಮ್ಮ ಮನೆಗೆ ಕಂಪ್ಯೂಟರ್ ಬಂದ ಹೊಸದು. ಬಸವನ ಬಾಗೇವಾಡಿಯಲ್ಲಿರುವ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ದೀಪಾವಳಿಗೆ ಬಂದಾಗ ಮೈಕಿನ ಮುಂದೆ ಕುಳಿತು ಬೀಸುವ ಕಲ್ಲಿನ ಪದಗಳನ್ನು ಹಾಡಿದಳು. ನನ್ನ ಯಜಮಾನರು ಅವನ್ನು ಕಂಪ್ಯೂಟರಿನಲ್ಲಿ ತುಂಬಿಸಿಟ್ಟರು. ಅತ್ತೆಗೆ ಕಿವಿ ಮಂದ, ಸ್ಪೀಕರಿನಲ್ಲಿ ಹಾಕಿದರೆ ಮಾತು ತಿಳಿಯುತ್ತಿರಲಿಲ್ಲ. ಹೆಡ್‌ಫೋನ್ ತಂದುಕೊಟ್ಟೆವು. ಅಂದಿನಿಂದ ಮಧ್ಯಾಹ್ನದ ಊಟ ಮುಗಿದ ಕೂಡಲೇ ಅತ್ತೆ ಸೆರಗಿನ ಮೇಲೆಯೇ ಹೆಡ್‌ಫೋನ್ ಏರಿಸಿಕೊಂಡು, ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ ಕೂಡುತ್ತಿದ್ದರು.

ಅವರ ಕಾಲಿಗೆ ಎಣ್ಣೆ ತಿಕ್ಕುವವಳು ನಾನು. ಹಲ್ಲಿಲ್ಲದ ಬಾಯಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುವವಳು ನಾನು. ಹಬ್ಬಕ್ಕೊಮ್ಮೆ ಬಂದು ಹಾಡಿ ಹೋದವಳ ದನಿಗೆ ಅವರ ಮುಖ ಅರಳುವುದನ್ನು ನೋಡಿದಾಗಲೆಲ್ಲ ನನ್ನ ಎದೆಯಲ್ಲಿ ಏನೋ ಸಣ್ಣಗೆ ಸುಡುತ್ತಿತ್ತು. ಶಾಲೆಯ ಪ್ರಾರ್ಥನೆಯಲ್ಲಿ ನನಗೆ ಬರೀ ತುಟಿ ಆಡಿಸಲು ಹೇಳುತ್ತಿದ್ದರು, ಅಂಥ ಕಂಠ ನನ್ನದು.

ಒಂದು ದಿನ ಚಹಾ ಕೊಡಲು ಹೋದಾಗ ಅತ್ತೆ ಕಣ್ಣು ತೆರೆದರು. "ಹೋತು ನೋಡವಾ ದನಿ." ಕಪ್ಪು ಇಟ್ಟು ನಾನು ಅಡುಗೆಮನೆಗೆ ತಿರುಗಿದೆ. "ಬಂತು!" ಹೆಡ್‌ಫೋನ್ ಹಾಕಿಕೊಂಡವರು ಜೋರಾಗಿ ಮಾತಾಡುತ್ತಾರಲ್ಲ, ಓಣಿಗೆಲ್ಲ ಕೇಳಿಸಿತು.

ಮರುದಿನವೂ ಹಾಗೆಯೇ. ಯಜಮಾನರು ವೈರನ್ನು ಮುಂದಿನ ತೂತಿನಿಂದ ತೆಗೆದು ಹಿಂದಿನದಕ್ಕೆ ಚುಚ್ಚಿದರು. ಬೇರೆ ಹೆಡ್‌ಫೋನ್ ತಂದರು. ರಿಪೇರಿಯವರು ಬಂದು ಡಬ್ಬಿ ಬಿಚ್ಚಿ ಧೂಳು ಊದಿದರು, ಲೂಸ್ ಕನೆಕ್ಷನ್ ಎಂದು ಜ್ಯಾಕನ್ನೇ ಬದಲಿಸಿದರು. ನೆಲದ ಪರಸಿ ಕಲ್ಲು ಅಲುಗಿ ಮೇಜು ನಡುಗುತ್ತಿರಬಹುದೆಂದು ತಾವೇ ಅದರ ಮೇಲೆ ಕುಣಿದು ನೋಡಿದರು. ಅತ್ತೆಯ ಕಿವಿಯಲ್ಲಿ ಹಾಡು ನಡೆದೇ ಇತ್ತು. ನಾನು ಮೆಲ್ಲಗೆ ಹೋಗಿ ನಿಂತೆ. ನಿಂತಿತು.

"ಅಕ್ಕಾರ, ನೀವು ಒಂದೀಟ ಒಳಗ ಹೋಗ್ರಿ" ಎಂದರು ರಿಪೇರಿಯವರು. ಹೋದೆ. ಬಂತು. "ಇದು ಮಷೀನಿನ ರೋಗ ಅಲ್ರಿ ಸರ್."

"ನಿನ್ನ ಕಂಡ್ರ ನನಗಷ್ಟ ಅಲ್ಲ, ಕಂಪ್ಯೂಟರಿಗೂ ಹೆದರಿಕಿ" ಎಂದು ಯಜಮಾನರು ನಕ್ಕರು. ಅತ್ತೆ ನಗಲಿಲ್ಲ. "ನಾ ಸಣ್ಣ ಸೊಸಿ ಕಡೆ ಹೋಗ್ತೇನಿ. ಅಲ್ಲೇ ಇದ್ದು ಬಿಡ್ತೇನಿ" ಎಂದರು. ಆ ವಾರವೇ ಹೋದರು. ಬಸ್ಸಿನ ಕಿಟಕಿಯಲ್ಲಿ ಕುಳಿತವರು ನನ್ನತ್ತ ತಿರುಗಲಿಲ್ಲ. ಅವಳು ಹಾಡನ್ನೂ ಗೆದ್ದಳು, ಅತ್ತೆಯನ್ನೂ ಗೆದ್ದಳು ಎಂದುಕೊಂಡೆ. ಮನೆಯಲ್ಲಿ ಯಾರಿಗೂ ಬೇಡವಾದ ಒಂದು ಲೋಟ ಹಾಲು ದಿನವೂ ಉಳಿಯತೊಡಗಿತು.

ಮೈದುನನ ಮನೆಯಲ್ಲಿ ಬೇರೆ ಕಂಪ್ಯೂಟರ್, ಬೇರೆ ಹೆಡ್‌ಫೋನ್ ಇದ್ದವು. ಸೊಸೆ ಎದುರಿಗೇ ಇದ್ದರೂ ಅತ್ತೆ ನಮ್ಮಲ್ಲಿಂದ ಒಯ್ದ ಅವಳ ಹಾಡಿನ ಸೀಡಿಯನ್ನೇ ಕೇಳುತ್ತಿದ್ದರಂತೆ. ಆಕೆಗೆ ಕೆಲಸದ ನಡುವೆ ಹಾಡಲು ಪುರಸೊತ್ತೆಲ್ಲಿ? ಒಂದು ಮಧ್ಯಾಹ್ನ ನಾನು ನಮ್ಮ ಕಂಪ್ಯೂಟರಿನ ಮೇಜು ಒರೆಸುತ್ತಿದ್ದೆ. ಅದರ ಮೇಲೆಯೇ ಇದ್ದ ಫೋನು ರಿಂಗಾಯಿತು.

"ಅಕ್ಕಾ, ಇಲ್ಲೂ ಅದ ಕಥಿ. ನಡುವ ನಿಂತು ಬಿಟ್ಟೈತಿ" ಎಂದಳು ಅವಳು, ನಗುತ್ತಲೇ. "ನೀ ಈಗ ಎಲ್ಲಿ ನಿಂತಿ?"

"ಕಂಪ್ಯೂಟರ್ ಮುಂದ."

"ಒಂದೀಟ ಸರಿ, ನೋಡೂಣು!"

ಚೇಷ್ಟೆಗೆಂದೇ ಫೋನಿನ ವೈರು ಎಳೆದುಕೊಂಡು ಅಡುಗೆಮನೆಯ ಹೊಸ್ತಿಲ ತನಕ ಹೋದೆ. ಆ ಕಡೆ ಅತ್ತೆಯ ಕೂಗು ಕೇಳಿಸಿತು: "ಬಂತು!" ಏನೂ ಹೇಳದೆ ಮೇಜಿನ ಹತ್ತಿರ ಬಂದೆ. "ಹೋತು!" ಮತ್ತೆ ಸರಿದೆ. "ಬಂತು!" ಮತ್ತೆ ಬಂದೆ. "ಹೋತು!" ನನ್ನ ನೆಗೆಣ್ಣಿಯ ನಗು ನಿಂತಿತು. ನನ್ನ ಕೈಯಲ್ಲಿದ್ದ ಅರಿವೆ ಕೆಳಗೆ ಬಿದ್ದಿತ್ತು.

ಆಮೇಲೆ ಅವಳಿಂದ ಸಂಗತಿ ತಿಳಿದು ಅತ್ತೆಯೇ ಫೋನು ತೆಗೆದುಕೊಂಡರು. "ಯವ್ವಾ, ಇಷ್ಟು ದೂರ ಬಂದ್ರೂ ನೀ ಬಿಡವಲ್ಲಿ. ಹಾಡು ಇಲ್ಲೂ ನಿಲ್ಲೂದಿದ್ರ ನಾ ಇಲ್ಲಿದ್ದು ಏನ್ ಮಾಡ್ಲಿ? ಅಲ್ಲೇ ಬರ್ತೇನಿ ತೊಗೊ. ನಿನ್ನ ಕೈಯಾನ ಚಹಾನರ ಸಿಗತೈತಿ."

ಬಂದರು. ಮೊದಲ ದಿನವೇ ಹೆಡ್‌ಫೋನ್ ಏರಿಸಿ ಕುಳಿತರು. ನಾನು ಬೇಕೆಂದೇ ಅವರ ಕುರ್ಚಿಗೆ ತಾಗಿ ನಿಂತೆ. ಹಾಡು ನಿಲ್ಲಲಿಲ್ಲ. ಆ ದಿನವಷ್ಟೇ ಅಲ್ಲ, ಮುಂದೆಂದೂ ನಿಲ್ಲಲಿಲ್ಲ.

ನನ್ನ ಮನಸ್ಸು ತಿಳಿಯಾಗಿರಬೇಕು, ಅದಕ್ಕೇ ಸರಿಹೋಯಿತು ಎಂದು ನೀವು ಹೇಳಬಹುದು. ಹಾಗಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಆದರೆ ಆ ಹಾಡಿಗೆ ಅತ್ತೆಯ ಬೆರಳು ತೊಡೆಯ ಮೇಲೆ ಮತ್ತೆ ಆಡತೊಡಗಿದಾಗ, ಕುರ್ಚಿಯ ಹಿಂದೆ ನಿಂತ ನನ್ನ ಎದೆ ಮೊದಲಿನಷ್ಟೇ, ಚೂರೂ ಕಡಿಮೆಯಿಲ್ಲದೆ, ಸುಡುತ್ತಿತ್ತು.