ಗಾದಿಲಿಂಗಮ್ಮನ ಗಾಡಿಯಲ್ಲಿದ್ದ ಮುಡುಪು

ಆದೋನಿಯ ಹತ್ತಿ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಾದಿಲಿಂಗಮ್ಮ ಬಾಗಿಲಿಗೆ ನೀರು ಚೆಲ್ಲಿ, ರಂಗೋಲಿಯ ನಾಲ್ಕು ಗೆರೆ ಎಳೆದು, ನೇರ ತನ್ನ ಮೋಟಾರ್ ಸೈಕಲ್ಲಿನ ಹತ್ತಿರ ಬರುತ್ತಾಳೆ. ಟ್ಯಾಂಕಿನ ಕೆಳಗೆ ಎಡಗಡೆಗೆ ಪೆಟ್ರೋಲ್ ಕಾಕ್ ಇದೆ. ತುಂಟ ಹುಡುಗನ ಕಿವಿ ಹಿಂಡಿದ ಹಾಗೆ ಅದನ್ನು 'ರಿಸರ್ವ್' ಕಡೆಗೆ ತಿರುವುತ್ತಾಳೆ, ಮತ್ತೆ 'ಆನ್'ಗೆ ತರುತ್ತಾಳೆ. ಸಲೀಸಾಗಿ ತಿರುಗಿತೆಂದು ಖಾತ್ರಿಯಾದ ಮೇಲೆಯೇ ಕಿಕ್ ಹೊಡೆಯುವುದು.

ಚೂಡಿದಾರದ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಬಿಗಿದ ಟವೆಲ್ಲು, ಹಿಂದಿನ ಸೀಟಿಗೆ ಸೈಕಲ್ ಟ್ಯೂಬಿನಿಂದ ಕಟ್ಟಿದ ಐಸ್ ಡಬ್ಬಿ. ಡಬ್ಬಿಯೊಳಗೆ ಪಶು ಆಸ್ಪತ್ರೆಯ ಲಸಿಕೆ ಸೀಸೆಗಳು. ಆದೋನಿ, ಪೆದ್ದಕಡುಬೂರು, ಗೋನೆಗಂಡ್ಲದ ಸುತ್ತಲಿನ ಹೊಲಗಳಲ್ಲಿ ಬೀಡುಬಿಟ್ಟ ಕುರಿಮಂದೆಗಳನ್ನು ಹುಡುಕಿಕೊಂಡು ಹೋಗಿ ಸೂಜಿ ಹಾಕಿ ಬರುವುದು ಆಕೆಯ ಕೆಲಸ. ಕುರಿಗಳು ಮೇವಿಗೆ ಹೊರಡುವ ಮೊದಲೇ ತಲುಪಬೇಕು. ಬೆಳಗಿನ ಹೊತ್ತಿನಲ್ಲಿ ಇನ್ನೂರು ಮುನ್ನೂರು ಕುರಿಗಳ ತೊಡೆ ಹಿಡಿದು ಸೂಜಿ ಚುಚ್ಚುವಷ್ಟರಲ್ಲಿ ಬೆರಳುಗಳು ಮರಗಟ್ಟಿರುತ್ತವೆ. ದಿನಗೂಲಿಯ ಈ ಕೆಲಸಕ್ಕೆ ಹೆಸರೂ ಇಲ್ಲ, ಹಲಗೆಯೂ ಇಲ್ಲ. ಕುರುಬರು ಮಾತ್ರ 'ಸೂಜಿಯವ್ವ' ಎನ್ನುತ್ತಾರೆ.

"ನಮ್ಮಪ್ಪನೂ ಕುರಿ ಕಾದಾವ್ನೇ. ಕುರಿ ಹಿಡಿಯಾದು ನನಗ ಯಾರೂ ಕಲಿಸಿಲ್ಲ ಬಿಡ್ರಿ. ಈ ಗಾಡಿ ಹಿಡಿಯಾದು ಕಲಿಯಾಕೇ ಜೀವ ಹೋತು," ಎಂದು ನಗುತ್ತಾಳೆ.

ಗಾಡಿ ಕಲಿಸಿದ್ದು ಗಂಡ ಓಬಳೇಶ. ಹತ್ತಿ ಮಿಲ್ಲಿನಲ್ಲಿ ದುಡಿಯುವ ಆತ ತನ್ನ ಹಳೆಯ ಗಾಡಿಯನ್ನು ಹೆಂಡತಿಗೆ ಬಿಟ್ಟುಕೊಟ್ಟು ತಾನು ಸೈಕಲ್ ತುಳಿಯುತ್ತಾನೆ. ಓಣಿಯವರು ಅವನನ್ನು ಕಿಚಾಯಿಸದ ದಿನವಿಲ್ಲ. ಅದಕ್ಕೆಲ್ಲ ಆತ ಕಿವಿಗೊಡುವವನೂ ಅಲ್ಲ. ಗೇರು, ಬ್ರೇಕು, ಕ್ಲಚ್ಚು ಎಲ್ಲವನ್ನೂ ತಾಳ್ಮೆಯಿಂದ ಹೇಳಿಕೊಟ್ಟ. ಒಂದೇ ಒಂದು ಪಾಠ ತಪ್ಪಿತು.

ಟ್ಯಾಂಕಿನ ಪೆಟ್ರೋಲು ತಳಮಟ್ಟಕ್ಕೆ ಇಳಿದಾಗ ಇಂಥ ಗಾಡಿಗಳು ಕೆಮ್ಮಿ ನಿಲ್ಲುತ್ತವೆ. ಕಾಕ್ ತಿರುವಿದರೆ ತಳದಲ್ಲಿ ಉಳಿದಷ್ಟು ಇಳಿಯುತ್ತದೆ, ಅದೇ ರಿಸರ್ವ್. ಓಬಳೇಶ ಇದನ್ನು ಹೆಂಡತಿಗೆ ಅರ್ಥವಾಗುವ ಮಾತಿನಲ್ಲೇ ಹೇಳಿದ್ದ: "ರಿಸರ್ವ್ ಅಂದ್ರ ಮುಡುಪು ಇದ್ದಂಗ. ಅದನ್ನ ಮುಟ್ಟಬ್ಯಾಡ."

ಉರುಕುಂದದ ಈರಣ್ಣಸ್ವಾಮಿಗೆ ನಡೆದುಕೊಳ್ಳುವ ಮನೆತನಗಳಲ್ಲಿ ಮುಡುಪೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹರಕೆಯ ಕಾಸನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದಿಟ್ಟರೆ ಮುಗಿಯಿತು. ಮನೆಯಲ್ಲಿ ಉಪ್ಪಿಲ್ಲದಿದ್ದರೂ ಅದರ ಗಂಟು ಬಿಚ್ಚುವಂತಿಲ್ಲ. ಗಾದಿಲಿಂಗಮ್ಮ ಗಂಡನ ಮಾತನ್ನು ಹಾಗೆಯೇ ಪಾಲಿಸಿದಳು. ಟ್ಯಾಂಕು ಅರ್ಧಕ್ಕೆ ಬಂದರೆ ಬಂಕಿಗೆ ಓಡುತ್ತಿದ್ದಳು. ಗಾಡಿ ಒರೆಸುವಾಗ ಕಾಕಿಗೆ ಒಂದು ಚಿಟಿಕೆ ಅರಿಸಿನ ಕುಂಕುಮವನ್ನೂ ಹಚ್ಚುತ್ತಿದ್ದಳು. ವರ್ಷಗಟ್ಟಲೆ ಅದನ್ನು ಒಮ್ಮೆಯೂ ತಿರುವಲಿಲ್ಲ.

ಆಕೆಗೆ ಆಗ ದೊಡ್ಡ ಚಿಂತೆಯಾಗಿದ್ದವನು ಕೆಂಚಣ್ಣ, ಪೆದ್ದಕಡುಬೂರಿನ ಕಡೆಯ ಹಿರಿಯ ಕುರಿಗಾರ. ಕೆಲವು ವರ್ಷಗಳ ಹಿಂದೆ ಯಾರೋ ಕರಗಿದ ಐಸಿನಲ್ಲಿ ತಂದ ಬಿಸಿ ಲಸಿಕೆಯನ್ನು ಅವನ ಕುರಿಗಳಿಗೆ ಹಾಕಿ ಹೋಗಿದ್ದರು. ಕೆಟ್ಟ ಲಸಿಕೆ ಹಾಕಿದ್ದೂ ಒಂದೇ, ಹಾಕದಿದ್ದದ್ದೂ ಒಂದೇ. ಬಾಯಿ ಹುಣ್ಣಾಗಿ, ಮೂಗು ಸೋರಿ, ಭೇದಿ ಹತ್ತುವ ಪಾರುಡು ರೋಗ ಬಂದಾಗ ಅರ್ಧ ಮಂದೆ ನೆಲ ಹಿಡಿಯಿತು. ಅಂದಿನಿಂದ ಕೆಂಚಣ್ಣ ಸೂಜಿಯವರನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಅವನು ಒಪ್ಪದಿದ್ದರೆ ಆ ಸೀಮೆಯ ಉಳಿದ ಕುರಿಗಾರರೂ ಒಪ್ಪುತ್ತಿರಲಿಲ್ಲ.

ಗಾದಿಲಿಂಗಮ್ಮ ಹೋಗಿ ಹೋಗಿ ಬೇಡಿದ ಮೇಲೆ ಒಂದು ಷರತ್ತಿಗೆ ಬಂದ. "ಡಬ್ಬ್ಯಾಗ ನಾನೇ ಕೈ ಹಾಕಿ ನೋಡ್ತೀನವ್ವ. ಐಸು ಕೈಗೆ ಹತ್ತಿದ್ರ ಒಳಗ ಬಾ. ನೀರಾಗಿದ್ರ ಹಂಗೇ ತಿರುಗಿ ಹೋಗು, ಮತ್ತ ಈ ಕಡಿ ಬರಬ್ಯಾಡ."

ದಸರೆ ಮುಗಿದು ಹತ್ತಿ ಬಿಡಿಸುವ ಕಾಲ. ಪಕ್ಕದ ಹಳ್ಳಿಯವರೆಗೆ ರೋಗ ಬಂದಿದೆಯೆಂಬ ಸುದ್ದಿ ಹಬ್ಬಿತ್ತು. ಗಾದಿಲಿಂಗಮ್ಮ ಡಬ್ಬಿ ಕಟ್ಟಿಕೊಂಡು ಕೆಂಚಣ್ಣ ಹೇಳಿದ್ದ ಹೊಲಕ್ಕೆ ಹೋದರೆ ಅಲ್ಲಿ ಕುರಿಯ ಹಿಕ್ಕೆ ಬಿಟ್ಟರೆ ಏನೂ ಇಲ್ಲ. ಹೊಲಕ್ಕೆ ಗೊಬ್ಬರವಾಗಲೆಂದು ಇನ್ನೊಬ್ಬ ರೈತ ಕರೆದದ್ದರಿಂದ ಮಂದೆ ಹಿಂದಿನ ಸಂಜೆಯೇ ಗೋನೆಗಂಡ್ಲದ ದಿಕ್ಕಿಗೆ ಹೋಗಿದೆಯೆಂದು ಪಕ್ಕದ ಹೊಲದವರು ಹೇಳಿದರು. ಕುರಿಮಂದೆಗೆ ಇದು ಮಾಮೂಲು. ಆಕೆ ಟ್ಯಾಂಕಿನ ಕಡೆಗೊಮ್ಮೆ, ಬಿಸಿಲಿನ ಕಡೆಗೊಮ್ಮೆ ನೋಡಿದಳು. ರೋಗದ ಸುದ್ದಿಯ ಅವಸರದಲ್ಲಿ ಅಂದು ಪೆಟ್ರೋಲು ಹಾಕಿಸಿರಲಿಲ್ಲ, ಬಂಕು ಹಿಂದೆ ಉಳಿದಿತ್ತು. ಹಿಂತಿರುಗಿ ಪೆಟ್ರೋಲು ಹಾಕಿಸಿ ಬರುವಷ್ಟರಲ್ಲಿ ಐಸು ನೀರಾಗುವುದು ಖಂಡಿತ. ಮುಂದಕ್ಕೇ ಹೊರಟಳು.

ಎರೆಹೊಲದ ಬಂಡಿಜಾಡಿನಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಈಗ ಮುಡುಪು ಬಿಚ್ಚದೆ ವಿಧಿಯಿಲ್ಲ ಎಂದುಕೊಂಡು ಕಾಕಿಗೆ ಕೈ ಹಾಕಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಅಷ್ಟು ವರ್ಷ ತಿರುವದೆ ಬಿಟ್ಟದ್ದಕ್ಕೆ, ಮೇಲೆ ಮೆತ್ತಿದ ಅರಿಸಿನ ಕುಂಕುಮಕ್ಕೆ, ಎರೆಯ ಧೂಳಿಗೆ ಕಾಕ್ ಕಚ್ಚಿಕೊಂಡು ಕೂತಿತ್ತು. ಭಕ್ತಿಯಿಂದ ಕಾಪಾಡಿದ್ದೇ ಕೈಕೊಟ್ಟಿತ್ತು.

"ಅತ್ತುಬಿಟ್ಟೆ ನೋಡ್ರಿ," ಎನ್ನುತ್ತಾಳೆ. "ಪೆಟ್ರೋಲ್ ಐತಿ, ಕಣ್ಣಿಗೆ ಕಾಣಾಕತ್ತೈತಿ, ಬರವಲ್ದು. ನಮ್ಮನಿಯವ್ರಿಗೆ ಫೋನ್ ಹಚ್ಚಿ, ರಿಸರ್ವ್‌ನಾಗ ಎಷ್ಟು ದೂರ ಹೋಗತೈತಿ ಅಂತ ಕೇಳಿದೆ. ಮೊದ್ಲು ತಿರುಗ್ತದಾ ನೋಡು, ದೂರ ಆಮ್ಯಾಗ ಕೇಳು ಅಂದ್ರು."

ಗಾಡಿಯನ್ನು ಎಡಕ್ಕೆ ವಾಲಿಸಿದರೆ ಬಲಗಡೆಯ ಪೆಟ್ರೋಲು ಇತ್ತ ಬರುತ್ತದೆಂದು ಗಂಡಸರು ಮಾಡುವುದನ್ನು ಆಕೆ ನೋಡಿದ್ದಳು. ಡಬ್ಬಿ ಇಳಿಸಿ ನೆರಳಿಗಿಟ್ಟು, ಕುರಿಯನ್ನು ಕೆಡವುವ ಹಾಗೆ ಗಾಡಿಯನ್ನು ವಾಲಿಸಿ ಎತ್ತಿದಳು. ಮತ್ತೆ ಡಬ್ಬಿ ಬಿಗಿದು ಹೊರಟಳು. ಒಂದೆರಡು ಹೊಲ ದಾಟುವಷ್ಟು ದೂರ ಓಡಿ ಗಾಡಿ ಮತ್ತೆ ನಿಂತಿತು. ಎರಡನೇ ಸಲ ವಾಲಿಸಿದಾಗ ಅದೂ ಫಲಿಸಲಿಲ್ಲ.

ಅಲ್ಲಿ ಹತ್ತಿ ಬಿಡಿಸುತ್ತಿದ್ದವಳು ಲಿಂಗಕ್ಕ. ಹಿಂದೆಂದೂ ಕಂಡವಳಲ್ಲ, ಆದರೂ ಸಂಗತಿ ಕೇಳಿ ನಗಲಿಲ್ಲ. ಬುತ್ತಿಯ ಗಂಟು ಬಿಚ್ಚಿ ಮಾವಿನಕಾಯಿ ಉಪ್ಪಿನಕಾಯಿಯ ಡಬ್ಬಿ ತೆಗೆದಳು. "ನಮ್ಮನಿ ಬೀಗಕ್ಕ ಇದನ್ನೇ ಹಾಕ್ತೀನಿ ತಂಗಿ. ಎಣ್ಣಿ ಎಣ್ಣೀನೇ ಕದಾ, ಗಾಡೀಗೇನು ರುಚಿ ಗೊತ್ತಾಗತೈತಿ?" ಎಂದು ಮೇಲೆ ತೇಲುತ್ತಿದ್ದ ಕೆಂಪೆಣ್ಣೆಯನ್ನು ಕಾಕಿನ ಸಂದಿಗೆ ತೊಟ್ಟಿಕ್ಕಿದಳು. ಗಾದಿಲಿಂಗಮ್ಮ ಅಂಗಿಯ ಚುಂಗನ್ನು ಕಾಕಿಗೆ ಸುತ್ತಿ ಹಿಡಿದಳು. ಲಿಂಗಕ್ಕ ಕುಡುಗೋಲಿನ ಹಿಡಿಯಿಂದ ಮೆಲ್ಲಗೆ ಬಡಿದಳು.

"ಈರಣ್ಣಸ್ವಾಮಿ, ನಿನ್ನ ಮುಡುಪು ನನ್ನ ಸಲುವಾಗಿ ಬಿಚ್ಚಾಕತ್ತಿಲ್ಲಪ್ಪ, ಕುರಿ ಸಲುವಾಗಿ ಅಂತ ಬೇಡ್ಕೊಂಡೆ," ಎನ್ನುತ್ತಾಳೆ ಗಾದಿಲಿಂಗಮ್ಮ. ಕಾಕ್ ಕಿರ್ರೆಂದಿತು, ಒಂದಿಷ್ಟು ಅಲುಗಿತು, ಆಮೇಲೆ ಪೂರ್ತಿ ತಿರುಗಿತು. ಮೂರನೇ ಕಿಕ್ಕಿಗೆ ಎಂಜಿನ್ ಹತ್ತಿಕೊಂಡಾಗ ಇಬ್ಬರು ಹೆಂಗಸರೂ ಹೊಲದ ನಡುವೆ ಕೈ ಕೈ ಹಿಡಿದುಕೊಂಡು ನಿಂತಿದ್ದರು.

ಇನ್ನು ಉಳಿದದ್ದು ಯಾರಿಗೂ ಗೊತ್ತಿಲ್ಲದ ಲೆಕ್ಕ. ಒಬ್ಬರು ಇಪ್ಪತ್ತು ಕಿಲೋಮೀಟರ್ ಅನ್ನುತ್ತಾರೆ, ಇನ್ನೊಬ್ಬರು ನಲವತ್ತು ಅನ್ನುತ್ತಾರೆ. ಆ ಗಾಡಿ ರಿಸರ್ವ್‌ನಲ್ಲಿ ಓಡಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಗಾದಿಲಿಂಗಮ್ಮ ಸಲ್ಲದ ಎಕ್ಸಿಲೇಟರ್ ಕೊಡಲಿಲ್ಲ, ಸುಮ್ಮಸುಮ್ಮನೆ ಬ್ರೇಕ್ ಹಿಡಿಯಲಿಲ್ಲ, ಇಳಿಜಾರು ಸಿಕ್ಕಲ್ಲೆಲ್ಲ ಎಂಜಿನ್ ಆರಿಸಿ ಹಾಗೇ ಉರುಳಿಸಿದಳು. ತಳದ ಕಸ ಬಂದು ಗಾಡಿ ನಡುನಡುವೆ ಬಿಕ್ಕುತ್ತಿತ್ತು. ದಾರಿಯಲ್ಲಿ ಸಿಕ್ಕವರನ್ನು ಮಂದೆ ಎಲ್ಲೆಂದು ಕೇಳುವಾಗಲೂ ಆಕೆ ಗಾಡಿ ನಿಲ್ಲಿಸಲಿಲ್ಲ, ಕಾಲೂರಲಿಲ್ಲ. ಕೊನೆಗೆ ಒಂದು ದಿನ್ನೆಯ ಆಚೆ ಕುರಿಗಳ ಸದ್ದು ಕೇಳಿತು. ದಿನ್ನೆ ಏರಿದ ಗಾಡಿ ಅಲ್ಲಿಯೇ ಪೂರ್ತಿ ಆರಿತು. ಕೆಳಗೆ, ಸೂಜಿಗೆಂದು ಇನ್ನೂ ಬಲೆಯ ಬೇಲಿಯೊಳಗೇ ಇದ್ದ ಮಂದೆಯವರೆಗೆ ಇಳಿಜಾರು. ಸೂಜಿಯವ್ವ ಸದ್ದಿಲ್ಲದೆ, ರಾಣಿಯ ಹಾಗೆ ಬಂದು ಕೆಂಚಣ್ಣನ ಮುಂದೆ ನಿಂತಳು.

ಕೆಂಚಣ್ಣ ಡಬ್ಬಿಯ ಮುಚ್ಚಳ ತೆಗೆದು ಮೊಣಕೈವರೆಗೆ ಕೈ ಇಳಿಸಿದ. ತಳದಲ್ಲಿ ತಡಕಾಡಿದ. ಗಾದಿಲಿಂಗಮ್ಮ ಅವನ ಮುಖವನ್ನಷ್ಟೇ ನೋಡುತ್ತಿದ್ದಳು. ಹೊರಗೆ ಬಂದ ಅಂಗೈಯಲ್ಲಿ ನೆಲ್ಲಿಕಾಯಿಯಷ್ಟು ದಪ್ಪದ ಐಸಿನ ತುಂಡು ಹೊಳೆಯುತ್ತಿತ್ತು. ಅದನ್ನು ಬಾಯಿಗೆ ಹಾಕಿಕೊಂಡು ಕಟುಮ್ಮನೆ ಕಡಿದು ಹೇಳಿದ: "ಹಲ್ಲು ಜುಮ್ ಅಂದ್ವು. ಬಾರವ್ವ, ಹಿಡಿ ಕುರಿ."

ಅಂದು ಇಡೀ ಮಂದೆಗೆ ಸೂಜಿ ಬಿತ್ತು. ಊರಿಗೆ ಹೊರಟಿದ್ದ ಕುರಿಗಾರನೊಬ್ಬ ತನ್ನ ಗಾಡಿಯಿಂದ ಬಾಟಲಿ ತುಂಬ ಪೆಟ್ರೋಲು ಬಿಟ್ಟುಕೊಟ್ಟ. ಕೆಲವು ವಾರಗಳಲ್ಲಿ ರೋಗ ಆ ಸೀಮೆಯನ್ನು ಹಾದುಹೋಯಿತು. ಸೂಜಿ ಬೇಡವೆಂದವರ ಕುರಿಗಳು ಮಲಗಿದವು, ಕೆಂಚಣ್ಣನ ಕುರಿಗಳು ಮೇಯುತ್ತಲೇ ಇದ್ದವು. ಅದಾದ ಮೇಲೆ ಆಕೆ ಯಾರನ್ನೂ ಬೇಡಬೇಕಾಗಿ ಬಂದಿಲ್ಲ. ಈಗ ಎರಡು ತಾಲೂಕುಗಳ ಕುರಿಗಾರರು ಮಂದೆ ಜಾಗ ಬದಲಿಸುವ ಮುಂಚೆ ಸೂಜಿಯವ್ವನಿಗೆ ಫೋನು ಮಾಡುತ್ತಾರೆ.

ರಿಸರ್ವ್ ಮೇಲೆ ಮೋಟಾರ್ ಸೈಕಲ್ಲು ಎಷ್ಟು ದೂರ ಹೋಗುತ್ತದೆ ಎಂದು ಇವತ್ತು ಆಕೆಯನ್ನು ಕೇಳಿದರೆ ಕಿಲೋಮೀಟರಿನಲ್ಲಿ ಉತ್ತರ ಸಿಗುವುದಿಲ್ಲ. "ಕೆಂಚಣ್ಣ ಮಾವನ ಮಂದೆ ತನಕ ಹೋಗೈತಿ. ಅದರಾಚೆ ನಾ ಕೇಳಿಲ್ಲ, ಅದೂ ಹೇಳಿಲ್ಲ," ಎನ್ನುತ್ತಾಳೆ. ಆದರೆ ಕಾಕಿಗೆ ಕುಂಕುಮ ಹಚ್ಚುವುದನ್ನು ಬಿಟ್ಟಿದ್ದಾಳೆ. ದಿನಾ ತಿರುವುವುದೇ ಅದಕ್ಕೆ ಪೂಜೆ. ಮನೆಯಲ್ಲಿ ಉಪ್ಪಿನಕಾಯಿ ಹಾಕಿದಾಗ ಮೊದಲ ಡಬ್ಬಿ ಲಿಂಗಕ್ಕನ ಮನೆಗೆ ಹೋಗುತ್ತದೆ.

ಇವತ್ತಿನ ಬೆಳಗು ಆಕೆ ಕೆಂಚಣ್ಣನ ಮಂದೆಯ ಮುಂದೆಯೇ ಗಾಡಿ ನಿಲ್ಲಿಸಿದ್ದಾಳೆ. ಮುದುಕ ಆಗಲೇ ಒಂದು ಮರಿಯನ್ನು ತೊಡೆಗೆ ಅವುಚಿಕೊಂಡು ಸಿದ್ಧನಾಗಿದ್ದಾನೆ. ಡಬ್ಬಿಯ ಕಡೆ ತಿರುಗಿಯೂ ನೋಡುವುದಿಲ್ಲ.

"ನೋಡಾದೇನೈತವ್ವ, ನೀ ತಂದೀ ಅಂದ್ರ ತಣ್ಣಗ ಇರತೈತಿ. ಹಾಕು ಸೂಜಿ."

ಗಾದಿಲಿಂಗಮ್ಮ ಸಿರಿಂಜು ಕೈಗೆತ್ತಿಕೊಳ್ಳುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಹಿಡಿಯುತ್ತಾಳೆ.

"ಹಂಗೆಲ್ಲ ನಡಿಯಂಗಿಲ್ಲ ಮಾವ. ಮೊದ್ಲು ಕೈ ಹಾಕು."